ಗಾಡಿ ಬಿಟ್ಟು ಬಂದವರಿಗೆ ಅರ್ಧ ದಿನ ರಜೆ

ನಾನು ಕೆಲಸ ಮಾಡುವುದು ಔಷಧಿ ಡಬ್ಬಿಗೆ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ. ಅಕ್ಷರ ತಪ್ಪಿದೆಯಾ ಎಂದು ನೋಡುವುದು ನನ್ನ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಗೇಟಿನ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸ್ಕೂಟರು. ಹಾರ್ನು, ಹೊಗೆ, ಬೈಗುಳ.

ಒಂದು ದಿನ ಗೋಡೆ ಮೇಲೆ ನೋಟಿಸು ಬಂತು. ಗಾಡಿ ಮನೆಯಲ್ಲೇ ಬಿಟ್ಟು ಬಸ್ಸಲ್ಲೋ, ಸೈಕಲ್ಲಲ್ಲೋ, ನಡೆದೋ ಬಂದವರಿಗೆ ತಿಂಗಳಿಗೆ ಅರ್ಧ ದಿನ ಸಂಬಳ ಸಹಿತ ರಜೆ. ಬಸ್ ಪಾಸು ಆಫೀಸಿನದೇ. ಮನೆಯಲ್ಲಿ ಏನಾದರೂ ತುರ್ತು ಬಂದರೆ ಆಫೀಸಿನ ಕಾರು ಬಿಟ್ಟು ಬರುತ್ತದೆ.

ಸಂಜೆ ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಕನ್ನಡಕ ಮೇಲಕ್ಕೇರಿಸಿ ನನ್ನನ್ನೇ ನೋಡಿದರು.

“ಸುಮ್ಮನೆ ಯಾರೇ ರಜೆ ಕೊಡ್ತಾರೆ? ಇದರಲ್ಲಿ ಏನೋ ಇದೆ. ನಿಮ್ಮ ಮಾಲೀಕನಿಗೆ ಏನು ಲಾಭ, ಕೇಳ್ಕೊಂಡು ಬಾ. ಆಮೇಲೆ ಮಾತು.”

ನನಗೂ ಕುತೂಹಲ. ಮರುದಿನ ಕಾವಲುಗಾರನನ್ನು ಹಿಡಿದೆ. ನಾವೆಲ್ಲ ಗೇಟಣ್ಣ ಅಂತೀವಿ. ಅವನಿಗೆ ಗೊತ್ತಿಲ್ಲದ ಸುದ್ದಿ ಪ್ರೆಸ್ಸಿನಲ್ಲಿ ಇಲ್ಲ.

“ಲಾಭ ಇದ್ದೇ ಇದೆ ತಂಗಿ,” ನಕ್ಕ. “ಈ ಗಾಡಿಗಳ ಮಧ್ಯೆ ಕಾಗದದ ಲಾರಿ ಒಳಗೆ ಬರಕ್ಕೇ ಆಗಲ್ಲ. ಅದು ಬರೋವರೆಗೂ ಮಿಷನ್ನು ಸುಮ್ಮನೆ ಕೂತಿರುತ್ತೆ. ಗಾಡಿ ಕಮ್ಮಿಯಾದ್ರೆ ಲಾರಿ ಸಲೀಸಾಗಿ ಬರುತ್ತೆ. ನನಗೂ ಲಾಭ. ದಿನಾ ಈ ಹೊಗೆ ಕುಡಿದು ನಾನು ಕೆಮ್ಮೋದು ಕೇಳಿಲ್ವಾ?”

ಹೋಗಿ ಅತ್ತೆಗೆ ವರದಿ ಒಪ್ಪಿಸಿದೆ.

“ಹಂಗೆ ಹೇಳು! ಅವನಿಗೂ ಲಾಭ ಅಂದ್ರೆ ನಂಬಬಹುದು. ಆದ್ರೂ ನಂಗೇನಾದ್ರೂ ಆದ್ರೆ? ನೀನು ಬಸ್ಸು ಕಾಯ್ತಾ ಇರು, ನಾನು ನಿನ್ನ ಕಾಯ್ತಾ ಇರ್ತೀನಿ!”

ಕಾರು ನಿಜವಾಗಲೂ ಬರುತ್ತದಾ? ನನಗೂ ಗೊತ್ತಿರಲಿಲ್ಲ. ಒಂದು ತಿಂಗಳು ನೋಡೋಣ ಎಂದು ಹೆಸರು ಬರೆಸಿದೆ.

ಹನ್ನೊಂದನೇ ದಿನ ಪಕ್ಕದ ಮನೆಯಾಕೆಯ ಫೋನು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಕಾಲೂರಕ್ಕೆ ಆಗುತ್ತಿಲ್ಲ. ಮೇಲ್ವಿಚಾರಕರಿಗೆ ಹೇಳಿ, ಸ್ಕೂಟರ್ ಬಿಟ್ಟು ಬಂದಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತಾ ಗೇಟಿಗೆ ಓಡಿದೆ. ಮೇಲ್ವಿಚಾರಕರು ಅಷ್ಟರಲ್ಲೇ ಗೇಟಿಗೆ ಫೋನು ಮಾಡಿದ್ದರು. ಗೇಟಣ್ಣ ಆಫೀಸಿನ ಕಾರಿನ ಬಾಗಿಲು ತೆಗೆದು ನಿಂತಿದ್ದ, ಡ್ರೈವರ್ ಆಗಲೇ ಒಳಗೆ ಕೂತಿದ್ದ.

“ಸದ್ಯ, ಈ ಗಾಬರೀಲಿ ನೀನು ಗಾಡಿ ಓಡಿಸ್ಬೇಕಾಗಿಲ್ಲ. ಕೂತ್ಕೋ.”

ಮನೆಗೆ ಹೋಗಿ, ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಕಾಲು ಚಾಚಿಸಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದೆವು. ಪಾದದ ಮೂಳೆ ಬಿರುಕು ಬಿಟ್ಟಿತ್ತು. ಸ್ಕೂಟರಿನಲ್ಲಿ ಅವರನ್ನು ಹೇಗೆ ಕೂರಿಸುತ್ತಿದ್ದೆನೋ!

ಸಂಜೆ ನನ್ನ ಗಂಡ ಗಾಬರಿಯಿಂದ ಬಂದರು. ಪ್ಲಾಸ್ಟರ್ ಹಾಕಿದ ಕಾಲು ದಿಂಬಿನ ಮೇಲಿಟ್ಟುಕೊಂಡು ಅತ್ತೆ ಕೇಳಿದರು: “ನಿಮ್ಮ ಆಫೀಸಲ್ಲಿ ಈ ಥರ ಇದೆಯೇನೋ?”

“ಗೊತ್ತಿಲ್ಲಮ್ಮ.”

“ಕೇಳಿದ್ದೀಯಾ?”

“ಇಲ್ಲ…”

“ಮತ್ತೆ ಹೆಂಗೆ ಗೊತ್ತಾಗುತ್ತೆ? ನಾಳೆ ಹೋದ ತಕ್ಷಣ ಕೇಳು!”

ನೀವೂ ಕೇಳಿ. ನಿಮ್ಮಲ್ಲಿ ಇಂಥ ಸೌಲಭ್ಯ ಇದ್ದರೆ ಒಂದು ತಿಂಗಳು ಬಳಸಿ ನೋಡಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಮಾಲೀಕರ ಹತ್ತಿರ ಮಾತಾಡಿ. ಕೆಲಸ ಕೊಡುವವರಿಗೂ ಒಂದು ಮಾತು: ಗಾಡಿ ತರಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಪಾಸು ಕೊಡಿ, ರಜೆ ಕೊಡಿ, ಕಷ್ಟ ಬಂದ ದಿನ ಮನೆ ಮುಟ್ಟಿಸುತ್ತೇವೆ ಎಂಬ ಧೈರ್ಯ ಕೊಡಿ. ಗಾಡಿಯನ್ನು ಅವರೇ ಮನೆಯಲ್ಲಿ ಬಿಟ್ಟು ಬರುತ್ತಾರೆ.