ನಲವತ್ತೊಂದು ತಿದ್ದುಪಡಿ

ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದವನ ಕಣ್ಣಿಗೆ ಒಂದು ಕೊಂಬು ತಪ್ಪಿದರೂ ಮುಳ್ಳು ಚುಚ್ಚಿದಂತಾಗುತ್ತಿತ್ತು. ಅಂಥವನು ಬಾಲ್ಯದ ಗೆಳೆಯನ ಕಾದಂಬರಿ ನೋಡಿ ಕಕ್ಕಾಬಿಕ್ಕಿಯಾದ. ಪುಟಗಟ್ಟಲೆ ಪೂರ್ಣವಿರಾಮವೇ ಇಲ್ಲ. ಇಬ್ಬರು ಗೆಳೆಯರ ಕಥೆ ಅದು; ‘ಅವನು’ ಎಂದು ಶುರುವಾದ ವಾಕ್ಯ ‘ನಾನು’ ಎಂದು ಮುಗಿಯುತ್ತಿತ್ತು.

ಹೊಸ ಬಗೆಯ ಬರವಣಿಗೆ, ಇರಲಿ ಎಂದುಕೊಂಡ. ಆದರೆ ‘ನನ್ನ ನಾಲಿಗೆ ತೊದಲಿತು’ ಎಂಬಲ್ಲಿ ಪೆನ್ನು ನಿಂತಿತು. ತೊದಲುವವನು ತಾನು. ಶಾಲೆಯಲ್ಲಿ ಮೇಷ್ಟ್ರು ತನ್ನನ್ನು ಪ್ರಶ್ನೆ ಕೇಳಿದರೆ ಪಕ್ಕದ ಗೆಳೆಯನೇ ಎದ್ದು ಉತ್ತರಿಸಿ ಏಟು ತಿಂದದ್ದುಂಟು. ಅರಳು ಹುರಿದಂತೆ ಮಾತಾಡುವ ಅವನಿಗೆಲ್ಲಿಯ ತೊದಲು? ಆಸ್ಪತ್ರೆಯಲ್ಲಿ ಮಲಗಿದವನನ್ನು ಇಷ್ಟಕ್ಕೆಲ್ಲ ಯಾಕೆ ಕಾಡುವುದೆಂದು ತಾನೇ ತಿದ್ದಿದ. ನಲವತ್ತೊಂದು ಕಡೆ ‘ನನ್ನ’ ಹೋಗಿ ‘ಅವನ’ ಬಂತು.

ಅಚ್ಚಾದ ಪುಸ್ತಕವನ್ನು ಆಸ್ಪತ್ರೆಗೆ ಒಯ್ದ. ಗೆಳೆಯ ಹಾಳೆ ತಿರುವುತ್ತಾ ಒಂದು ಪುಟದಲ್ಲಿ ನಿಲ್ಲಿಸಿದ.

‘ಇದನ್ನ ಯಾರು ತಿದ್ದಿದ್ದು?’

‘ನಾ... ನಾನೇ. ತಪ್ಪಿತ್ತಲ್ಲ?’

‘ತಪ್ಪಲ್ವೋ ಪೆದ್ದ.’ ಗೆಳೆಯ ನಗಲು ಹೋಗಿ ಕೆಮ್ಮಿದ. ‘ಚಿಕ್ಕಂದಿನಿಂದ ನಿನ್ನ ಮಾತೆಲ್ಲ ನಾನೇ ಆಡ್ದೆ. ನಿನ್ನೊಳಗೆ ಏನಾಗ್ತಿತ್ತು ಅಂತ ಒಂದ್ಸಲನೂ ಕೇಳ್ಲಿಲ್ಲ. ಬರೆಯುವಾಗಲಾದ್ರೂ ನೀನಾಗಿ ನೋಡೋಣ ಅಂದ್ಕೊಂಡೆ. ನೀನು ನನ್ನ ಹೊರಗೆ ಕಳಿಸ್ಬಿಟ್ಟೆ.’

ಕರಡು ತಿದ್ದುವವನು ಗೆಳೆಯನ ಕೈ ಹಿಡಿದು ಕೂತ. ಮೂರನೆಯ ದಿನ ಗೆಳೆಯ ತೀರಿಕೊಂಡ.

‘ಐನೂರು ಪ್ರತಿ ಅಚ್ಚಾಗಿದೆ. ಯಾರು ಗಮನಿಸ್ತಾರೆ, ಬಿಡಪ್ಪ,’ ಎಂದರು ಮುದ್ರಣಾಲಯದ ಯಜಮಾನರು.

ಅವನು ಬಿಡಲಿಲ್ಲ. ಗೋದಾಮಿನಲ್ಲಿ ಕಟ್ಟು ಬಿಚ್ಚಿ, ಒಂದೊಂದೇ ಪ್ರತಿಯಲ್ಲಿ ‘ಅವನ’ ಹೊಡೆದು ಮೇಲೆ ‘ನನ್ನ’ ಎಂದು ಕೈಯಾರೆ ಬರೆಯತೊಡಗಿದ. ಮಧ್ಯಾಹ್ನ ಪುಸ್ತಕಗಳನ್ನು ಒಯ್ಯಲು ಬಂದ ಗೆಳೆಯನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

‘ಅವರಿಗೆ ನಿಮ್ಮ ಮೇಲೆ ಬೇಜಾರೇನೂ ಇರ್ಲಿಲ್ಲ.’

‘ಇದ್ದಿದ್ರೆ ವಾ... ವಾಸಿಯಿತ್ತು, ಅತ್ತಿಗೆ.’

ಅವಳು ಸ್ಟೂಲು ಎಳೆದುಕೊಂಡು, ಚೀಲದಿಂದ ಪೆನ್ನು ತೆಗೆದಳು. ‘ಯಾವ್ಯಾವ ಪುಟ, ಹೇಳಿ.’

‘ಹದಿನೇಳು’ ಎಂಬುದು ಅವನ ಬಾಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡಿತು. ಅವಳು ಆ ಮಾತನ್ನು ತಾನೇ ಪೂರ್ತಿಮಾಡಲು ಹೋಗದೆ ಕಾದಳು. ಸಂಜೆ ಬೀಗ ಹಾಕುವ ಹೊತ್ತಿಗೆ ಇಬ್ಬರೂ ಸೇರಿ ಮೂವತ್ತೆಂಟು ಪುಸ್ತಕ ಮುಗಿಸಿದ್ದರು. ನಾಳೆಯೂ ಬರುತ್ತೇನೆಂದು ಹೇಳಿ ಅವಳು ಹೊರಟಳು.