ಬೇಲಿಯಂಚಿನ ಬಂಡೆ

ನಾನು ಒಂದು ಕಪ್ಪು ಬಂಡೆ. ಹುಟ್ಟು ಎಂದರೆ ನನ್ನ ಪಾಲಿಗೆ ಗುಡ್ಡದ ಹೊಟ್ಟೆಯಿಂದ ಸಿಡಿದು ಬಿದ್ದದ್ದು. ಕಲ್ಲುಕೋರೆಯವರು ಸಿಡಿಮದ್ದಿಟ್ಟ ದಿನವೇ ಮೊದಲ ಬಾರಿಗೆ ಬಿಸಿಲು ಕಂಡೆ. ಆಮೇಲೆ ಲಾರಿಗೆ ಹೇರಿ ಪಡುವಣಕ್ಕೆ ಸಾಗಿಸಿದರು.

ನನ್ನನ್ನು ಇಳಿಸಿದ್ದು ಮಡಲಕರೆಯ ಕಡಲತೀರ ಉದ್ಯಾನದಲ್ಲಿ. ಗಾಳಿಮರಗಳು, ಮಕ್ಕಳ ಜಾರುಬಂಡಿ, ಟಿಕೇಟು ಕೊಡುವ ಸಣ್ಣ ಕೋಣೆ ಇದ್ದ ಚೆಂದದ ಜಾಗ. ಮಳೆಗಾಲ ಬಂತೆಂದರೆ ಕಡಲು ಅದನ್ನು ತುತ್ತು ತುತ್ತಾಗಿ ನುಂಗುತ್ತಿತ್ತು. ಅದಕ್ಕೆ ಅಡ್ಡಲಾಗಿ ನಾವು, ಕಲ್ಲಿನ ತಡೆಗೋಡೆ. ಅಲ್ಲಿಯ ವಾಚ್‌ಮನ್ ವಾಮನ ಮೆಂಡನ್ ಪ್ರತಿ ಲಾರಿಗೂ ಓಡೋಡಿ ಬಂದು ಗೇಟು ತೆಗೆಯುತ್ತಿದ್ದ. ದೋಣಿಯಲ್ಲಿ ಬಿದ್ದು ಸೊಂಟ ಕಳೆದುಕೊಂಡವನು. ಉದ್ಯಾನ ಹೋದರೆ ಅವನ ಅನ್ನವೂ ಹೋಗುತ್ತಿತ್ತು.

ಗೋಡೆ ಬಡಗಲ ಬೇಲಿಯವರೆಗೆ ಬಂತು. ಬೇಲಿಯಾಚೆ ಕೇದಗೆ ಪೊದೆಗಳ ಹಿಂದೆ ಒಂದು ಹಂಚಿನ ಮಾಡು ಮಾತ್ರ ಕಾಣುತ್ತಿತ್ತು. ವಾಮನನ ಅಕ್ಕ ರಾಜೀವಿಯ ಮನೆ ಅದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಕೆಲಸ ನೋಡಲು ಬಂದ ಇಂಜಿನಿಯರ್ ಆ ಮಾಡು ತೋರಿಸಿ ಕೇಳಿದರು.

"ಅಲ್ಲಿ ಜನ ಇದ್ದಾರಾ? ಇದ್ರೆ ಉಳಿದ ಕಲ್ಲನ್ನು ಆಚೆಗೆ ಎಳೆಯುವ. ಇಲ್ಲದಿದ್ರೆ ಇಲ್ಲಿಯ ಗೋಡೆಯನ್ನೇ ಎತ್ತರ ಮಾಡುವ."

ವಾಮನ ಉದ್ಯಾನದ ಕಡೆ ನೋಡಿದ. ಮಾಡಿನ ಕಡೆ ನೋಡಲಿಲ್ಲ. "ಅದು ಬಲೆ ಇಡುವ ಹಳೇ ಕೊಟ್ಟಿಗೆ ಸಾರ್. ಜನ ಇಲ್ಲ."

ಅವನ ಕಿವಿ ಕೆಂಪಾದದ್ದು ಇಂಜಿನಿಯರಿಗೆ ಕಾಣಲಿಲ್ಲ. ಕಾಲಬುಡದಲ್ಲಿದ್ದ ನನಗೆ ಕಂಡಿತು. ಗೋಡೆ ಅಲ್ಲಿಗೇ ಮುಗಿಯಿತು. ನಾನೇ ಕಡೆಯ ಕಲ್ಲು. ನನ್ನಾಚೆ ಬರೀ ಮರಳು.

ಉದ್ಯಾನಕ್ಕೆ ಮತ್ತೆ ಜನ ಬಂದರು. ಚರುಮುರಿ ತಿಂದರು, ನನ್ನ ಮೇಲೆ ಹತ್ತಿ ಫೋಟೋ ತೆಗೆದರು. ಮಧ್ಯಾಹ್ನವಾದರೆ ರಾಜೀವಿ ತಮ್ಮನಿಗೆ ಊಟ ತರುತ್ತಿದ್ದಳು. ನನ್ನ ಮೇಲೆ ಕೂತು ಬಂಗುಡೆ ಮೀನಿನ ಗಸಿ ಬಡಿಸುತ್ತಿದ್ದಳು. ವಾಮನ ತಲೆ ಎತ್ತದೆ ಉಣ್ಣುತ್ತಿದ್ದ.

ಆದರೆ ತಡೆದ ಮಾತ್ರಕ್ಕೆ ಕಡಲು ಸುಮ್ಮನಾಗುತ್ತದೆಯೇ? ನಮಗೆ ಬಡಿದ ಅಲೆ ದಾರಿ ಸಿಗದೆ ನನ್ನನ್ನು ಬಳಸಿ ಆಚೆಗೆ ನುಗ್ಗುತ್ತಿತ್ತು. ಒಂದು ಮಳೆಗಾಲ ರಾಜೀವಿಯ ತೆಂಗಿನ ಮರಗಳು ಮಲಗಿದವು. ಮರುವರ್ಷ ಬಾವಿ ಉಪ್ಪಾಯಿತು. ವಾಮನ ರಜೆ ಹಾಕಿ, ಸೊಂಟ ಹಿಡಿದುಕೊಂಡೇ ಮರಳಿನ ಚೀಲ ಹೊತ್ತು ಅಕ್ಕನ ಅಂಗಳಕ್ಕೆ ಒಡ್ಡು ಕಟ್ಟಿದ. ಕಡಲಿಗೆ ಅದು ಒಂದು ಗುಟುಕೂ ಆಗಲಿಲ್ಲ. ಅದರ ಮುಂದಿನ ಆಷಾಢದಲ್ಲಿ ಅಡುಗೆಮನೆಯ ಗೋಡೆ ಕುಸಿಯಿತು. ಬೆಳಗಾಗುವಷ್ಟರಲ್ಲಿ ಮನೆಯೇ ಇರಲಿಲ್ಲ.

ಅಲೆಗಳ ಅಬ್ಬರಕ್ಕೆ ಉದ್ಯಾನವನ್ನೂ ಮುಚ್ಚಿದ್ದರು. ಗೇಟಿಗೆ 'ಪ್ರವೇಶವಿಲ್ಲ' ಎಂಬ ಬೋರ್ಡು. ಒಂದು ಚರಿಗೆ, ಒಂದು ಬಟ್ಟೆಯ ಗಂಟು ಹಿಡಿದು ರಾಜೀವಿ ಅದರ ಮುಂದೆ ನಿಂತಾಗ ವಾಮನ ಬೀಗ ತೆಗೆದ. ಮಳೆ ನಿಂತ ಮೇಲೆ ಅವಳು ಎಂದಿನಂತೆ ಬಂದು ನನ್ನ ಮೇಲೆ ಕೂತಳು. ಅವನು ನಿಂತೇ ಇದ್ದ.

"ಅಕ್ಕಾ, ಆ ಇಂಜಿನಿಯರ್ ಬಂದ ದಿನ..."

"ಬೇಡ ಮಾರಾಯ. ನಾನು ಬೇಲಿ ಹತ್ರವೇ ತೆಂಗಿನ ಮಡಲು ಹೆಕ್ಕುತ್ತಿದ್ದೆ. ನೀನು ಹೇಳಿದ್ದು ಕೇಳಿದೆ."

ವಾಮನ ಅವಳ ಕಡೆ ತಿರುಗಿದ. "ಮತ್ತೆ... ಇಷ್ಟು ದಿನ ಊಟ ತಂದಿಯಲ್ಲ!"

"ಸಿಟ್ಟು ಇತ್ತು. ಈಗಲೂ ಉಂಟು. ಆದ್ರೆ ನಿನಗೆ ಹಸಿವಾಗ್ತದಲ್ಲ."

ಅವನು ನನ್ನ ಬುಡದಲ್ಲಿ ಕುಸಿದು ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡ. ಅವಳು ಅವನ ತಲೆ ಸವರಲಿಲ್ಲ, ಎದ್ದೂ ಹೋಗಲಿಲ್ಲ.

ಕೊರೆತ ನೋಡಲು ಇಂಜಿನಿಯರ್ ಬಂದಾಗ ಊರವರೆಲ್ಲ ಸೇರಿದ್ದರು. ವಾಮನ ಎಲ್ಲರ ಎದುರೇ ಹೇಳಿದ. "ಅದು ಕೊಟ್ಟಿಗೆ ಆಗಿರ್ಲಿಲ್ಲ ಸಾರ್, ನನ್ನ ಅಕ್ಕನ ಮನೆ. ನಾನು ಸುಳ್ಳು ಹೇಳಿದ್ದು. ಅದರಾಚೆ ಇನ್ನೂ ಮನೆಗಳುಂಟು. ಇಲ್ಲಿಯ ಕಲ್ಲು ತೆಗೆದು ಅಲ್ಲಿ ಹಾಕಿ."

ಯಾರೋ ಥೂ ಎಂದರು. ಅವನ ಕೆಲಸ ಹೋಯಿತು. ಊರವರು ವಾರಗಟ್ಟಲೆ ಕಚೇರಿಗೆ ಓಡಾಡಿದ ಮೇಲೆ ಯಂತ್ರ ಬಂದು ನಮ್ಮನ್ನು ಎತ್ತಿತು. ಉದ್ಯಾನವನ್ನು ಮತ್ತೆ ತೆರೆಯಲಿಲ್ಲ. ಜಾರುಬಂಡಿಯ ಅರ್ಧ ಈಗ ನೀರಿನಲ್ಲಿದೆ.

ನಾನೀಗ ಬಡಗಲ ಮನೆಗಳ ಮುಂದೆ, ಪಾಚಿ ಹಿಡಿದು, ಮರಳಲ್ಲಿ ಸೊಂಟದವರೆಗೆ ಹೂತು ಕೂತಿದ್ದೇನೆ. ಅಕ್ಕ ತಮ್ಮ ಪೇಟೆಯ ಬದಿ ಬಾಡಿಗೆ ಮನೆಯಲ್ಲಿದ್ದಾರೆ. ಕೆಲವು ಸಂಜೆ ಇಬ್ಬರೂ ಇತ್ತ ಬರುತ್ತಾರೆ. "ನಿಮ್ಮಿಂದ ನಮ್ಮ ಮನೆ ಉಳಿಯಿತು ವಾಮನಣ್ಣ" ಎಂದು ಇಲ್ಲಿಯ ಹೆಂಗಸರು ಚಾ ಕೊಡುತ್ತಾರೆ. ಅಂದಿನ ಥೂ ಎಂಬ ಮಾತನ್ನು ತಡೆದುಕೊಂಡವನಿಗೆ ಈ ಮಾತನ್ನು ತಡೆದುಕೊಳ್ಳಲಾಗುವುದಿಲ್ಲ.

ರಾಜೀವಿ ಮಾತ್ರ ಚಾ ಮುಗಿಸಿ, ಯಾರದೋ ಆ ಮನೆಯ ಗೋಡೆಯನ್ನು ಅಂಗೈಯಲ್ಲಿ ಮೆಲ್ಲಗೆ ಸವರುತ್ತಾಳೆ. ಅದನ್ನು ನೋಡಲಾರದೆ ವಾಮನ ನನ್ನ ಕಡೆ ಮುಖ ತಿರುಗಿಸುತ್ತಾನೆ.

ಕಲ್ಲು ನಾನು. ನಾನೆತ್ತ ತಿರುಗಲಿ?