ಗಾಳಿಗೌಡ ಗುಡ್ಡ ಇಳಿಸಿದ ದಿನ

ಹಲ್ಲು ಕೀಳಿಸಿಕೊಳ್ಳಲು ಸಾಗರಕ್ಕೆ ಹೋಗಿದ್ದ ಧರ್ಮಪ್ಪ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಮಧ್ಯಾಹ್ನದ ಆಟಕ್ಕೆ ನುಗ್ಗಿದ. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಕೆಂಪು ಶಾಲು ಹೊದ್ದವನೊಬ್ಬ ರೈಲನ್ನು ಒಂದೇ ಕೈಯಲ್ಲಿ ಹಿಡಿದು ಆಕಾಶದಲ್ಲಿ ಹೋಗುತ್ತಿದ್ದ. ಅಷ್ಟು ಸಾಕಾಯಿತು. ಹೊಡೆದಾಟದ ಸಿನಿಮಾ ಅಂದರೆ ಧರ್ಮಪ್ಪನಿಗೆ ಪ್ರಾಣ. ಯಾವ ಹೀರೋ ಎಷ್ಟು ಎತ್ತರದಿಂದ ಹಾರಿದ, ಯಾವ ಏಟು ನಿಜವಾಗಿ ಬಿತ್ತು, ಯಾವುದು ಬರೀ ಸದ್ದು ಎಂದು ವಾದ ಹೂಡಿ, ಕೊನೆಗೆ ತಾನೇ ಒಂದೆರಡು ಏಟು ಕೊಟ್ಟು ಬಂದ ಮನುಷ್ಯ ಅವನು.

ದೀಪ ಆರಿತು. ಪರದೆಯ ಮೇಲೆ ನೋಡಿದರೆ ಮನುಷ್ಯರೇ ಇಲ್ಲ. ಎಲ್ಲ ಬಿಡಿಸಿದ ಚಿತ್ರ. ದನದ ಕಣ್ಣಿನಷ್ಟು ದೊಡ್ಡ ಕಣ್ಣುಗಳು, ಸೂಜಿಯಂಥ ಮೂಗು, ನೆಟ್ಟಗೆ ನಿಂತ ಕೂದಲು. ಮಾತಾಡುವಾಗ ಬಾಯಿ ಮಾತ್ರ ಅಲ್ಲಾಡುತ್ತಿತ್ತು, ಉಳಿದ ಮುಖ ಗೊಂಬೆಯ ಹಾಗೆ ನಿಂತಿರುತ್ತಿತ್ತು. ಜಪಾನ್ ದೇಶದ್ದಂತೆ. ಮಕ್ಕಳ ಆಟಕ್ಕೆ ದುಡ್ಡು ಕೊಟ್ಟೆನಲ್ಲ ಎಂದು ಧರ್ಮಪ್ಪ ಏಳಲು ಹೋದ. ಅಷ್ಟರಲ್ಲಿ ಆ ಕೆಂಪು ಶಾಲಿನವನು ಸೇತುವೆ ಮುರಿದು ಬೀಳುತ್ತಿದ್ದ ರೈಲಿನ ಕೆಳಗೆ ಹೋಗಿ ಹೆಗಲು ಕೊಟ್ಟ. ಎದ್ದವನು ಹಾಗೇ ಅರ್ಧಕ್ಕೆ ನಿಂತ. ಹಿಂದಿನವರು ಬೈದ ಮೇಲೆ ಕೂತ. ಬಾಯಿಯ ಹತ್ತಿ ಯಾವಾಗ ಬಿದ್ದುಹೋಯಿತೋ ಅವನಿಗೆ ತಿಳಿಯಲಿಲ್ಲ. ಬಣ್ಣ ಬಳಿದ ಒಂದು ಚಿತ್ರ ತನ್ನ ಎದೆಯನ್ನು ಹೀಗೆ ಹಿಡಿದು ಅಲ್ಲಾಡಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವನು ಕಪಾಳಕ್ಕೆ ಬಾರಿಸುತ್ತಿದ್ದ.

ಊರೂರು ಸುಡುತ್ತ ಬರುವ ಒಂದು ಬೆಂಕಿಯ ಪ್ರಾಣಿ, ಅದರ ಜೊತೆ ಇವನ ಹೊಡೆದಾಟ. ಇಂಟರ್‌ವಲ್ಲಿಗೆ ಸರಿಯಾಗಿ ಅದು ಇವನ ಶಾಲು ಸುಟ್ಟಿತು. ಇವನು ಉಲ್ಕೆಯ ಹಾಗೆ ಆಕಾಶದಿಂದ ಬಿದ್ದ. ಕಡೆಯ ಬಸ್ಸು ಹೊರಡುವ ಹೊತ್ತೂ ಅದೇ ಆಗಿತ್ತು. ಧರ್ಮಪ್ಪ ಹಲ್ಲು ಕಳೆದುಕೊಂಡ ಬಾಯಿ ಹಿಡಿದುಕೊಂಡು, ಬೀಳುತ್ತಿದ್ದವನನ್ನು ಬೀಳುವಲ್ಲೇ ಬಿಟ್ಟು ಬಸ್ಸಿಗೆ ಓಡಿದ.

ಅವನ ಊರು ಹೊಸಕೇರಿ. ಹೊಸನಗರದ ಆಚೆ, ಕಾಡು ಕಡಿದು ಮಾಡಿದ ಊರು. ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ ಅವರ ಹಳೆಯ ಊರು ಹೊಳೆಕೊಪ್ಪ ಮುಳುಗಿತು. ಅಲ್ಲಿಂದ ಲಾರಿಯಲ್ಲಿ ಬಂದವರೆಲ್ಲ ಸರ್ಕಾರ ಜಾಗ ಕೊಟ್ಟ ಇಲ್ಲಿ ಇಳಿದರು. ಪೇಟೆಯವರು ಇವತ್ತಿಗೂ ಅವರನ್ನು ಕರೆಯುವುದು ಮುಳುಗಡೆಯವರು ಎಂದೇ. ಹೊಸಕೇರಿಯ ಅರಳಿಕಟ್ಟೆಯ ಮೇಲೆ ಕೂತು ಧರ್ಮಪ್ಪ ದಿನಾ ಸಂಜೆ ಆ ಕತೆ ಹೇಳತೊಡಗಿದ. ಜಪಾನಿನ ಹೆಸರು ನಾಲಿಗೆಗೆ ಹೊರಳಲಿಲ್ಲವಾಗಿ ತಾನೇ ಅವನಿಗೆ ಗಾಳಿಗೌಡ ಎಂದು ಹೆಸರಿಟ್ಟ. ನೋಡದ ಅರ್ಧವನ್ನೂ ಹೇಳಿದ. ಒಂದು ದಿನ ಗಾಳಿಗೌಡ ಪ್ರಾಣಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿದ, ಇನ್ನೊಂದು ದಿನ ಸಮುದ್ರಕ್ಕೆ ಎಸೆದ. ನೆರೆಮನೆಯ ಮಂಜಯ್ಯ ಸುಮ್ಮನಿರುವ ಪೈಕಿ ಅಲ್ಲ.

"ನಿನ್ನೆ ಹಿಂಡಿ ಒಣಗಾಕಿದ್ಯಲ್ಲೋ ಮಾರಾಯ. ಇವತ್ತು ಮತ್ತೆ ಹೆಂಗೆ ಎದ್ದು ಬಂತು?"

"ನೀ ನೋಡಿದ್ಯಾ? ನೋಡದಿದ್ದೋನು ಬಾಯ್ ಮುಚ್ಕೊಂಡಿರು."

ಬೇಸಿಗೆಗೆ ಪದ್ಮಣ್ಣನ ಟೂರಿಂಗ್ ಟಾಕೀಸು ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಬಂತು. ಪದ್ಮಣ್ಣ ಜೈನರವನು, ಮೆದು ಮಾತಿನವನು. ಹೊತ್ತು ಮುಳುಗುವ ಮೊದಲೇ ಉಂಡು, ಬಾಯಿ ತೊಳೆದು, ಟೆಂಟಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಧರ್ಮಪ್ಪ ಅವನ ಬೆನ್ನು ಬಿದ್ದ. ಆ ಚಿತ್ರದ ಪೆಟ್ಟಿಗೆ ತರಿಸಲೇಬೇಕು. ಭಾಷೆ ಯಾರಿಗೂ ಬರುವುದಿಲ್ಲ, ಯಾರು ನೋಡುತ್ತಾರೆ ಎಂದು ಪದ್ಮಣ್ಣ ಹಿಂಜರಿದ. ಇಂಗ್ಲಿಷಿನ ಹೊಡೆದಾಟದ ಚಿತ್ರ ಬಂದಾಗ ಪರದೆಯ ಪಕ್ಕದಲ್ಲಿ ಒಬ್ಬ ಮೈಕು ಹಿಡಿದು ನಿಂತು ಕನ್ನಡದಲ್ಲಿ ಕತೆ ಹೇಳುವುದು ಆ ಟೆಂಟಿನ ಪದ್ಧತಿ. ಹಾಗೆ ಹೇಳುತ್ತಿದ್ದವನು ಆ ವರ್ಷ ನಾಟಕದ ಕಂಪನಿ ಸೇರಿಬಿಟ್ಟಿದ್ದ. ತಾನು ಹೇಳುತ್ತೇನೆ, ಕತೆಯೆಲ್ಲ ತನಗೆ ಬಾಯಿಪಾಠ ಎಂದ ಧರ್ಮಪ್ಪ. ಅರ್ಧ ಮಾತ್ರ ನೋಡಿದ್ದು ಎಂದು ಹೇಳಲಿಲ್ಲ. ಗಾಳಿಗೌಡನಂಥವನು ಗೆಲ್ಲದೆ ಇರುತ್ತಾನೆಯೇ? ಉಳಿದದ್ದು ಪರದೆ ನೋಡಿಕೊಂಡು ಹೇಳಿದರಾಯಿತು.

ಹೊಸಕೇರಿಯವರನ್ನೆಲ್ಲ ಅವನೇ ಹೊರಡಿಸಿದ. ಕಷ್ಟವಾದದ್ದು ತಾಯಿ ಜಲಜಮ್ಮನನ್ನು ಒಪ್ಪಿಸುವುದು. ಹೊಳೆಕೊಪ್ಪ ಬಿಟ್ಟ ಮೇಲೆ ಆಕೆ ಒಂದು ಮದುವೆಗೂ ಹೋದವಳಲ್ಲ. ಹೊರಗೆ ಹೋಗಿ ಬರುವಷ್ಟರಲ್ಲಿ ಈ ಊರೂ ಇರುತ್ತದೆಯೋ ಇಲ್ಲವೋ ಎಂಬ ಹಾಗೆ ಬಾಗಿಲು ಕಾಯುತ್ತಿದ್ದಳು. ಆ ಗಾಳಿಗೌಡ ಎಂತ ಮಾಡುವವನು ಎಂದು ಆಕೆ ಕೇಳಿದಳು.

"ಕಷ್ಟದಲ್ಲಿದ್ದೋರನ್ನ ಬಿಟ್ಟು ಹೋಗಲ್ಲ ಅವ್ವ. ಒಬ್ರನ್ನೂ ಬಿಡಲ್ಲ. ನನ್ ಮಾತ್ ನಂಬು."

ಮಗ ತನ್ನ ಮಾತನ್ನೇ ಒತ್ತೆಯಿಟ್ಟ ಮೇಲೆ ಜಲಜಮ್ಮ ಒಳ್ಳೆಯ ಸೀರೆ ಉಟ್ಟು ಗಾಡಿ ಹತ್ತಿದಳು.

ಮೊದಲನೇ ಆಟಕ್ಕೆ ಟೆಂಟು ತುಂಬಿತು. ಪೇಟೆಯವರು ಹಿಂದೆ ಕುರ್ಚಿಯಲ್ಲಿ, ಹೊಸಕೇರಿಯವರು ಮುಂದೆ ಮರಳಿನ ಮೇಲೆ. ಧರ್ಮಪ್ಪ ಮೈಕಿನ ಮುಂದೆ ನಿಂತ. ಇಂಟರ್‌ವಲ್ಲಿನವರೆಗೆ ಅವನನ್ನು ಹಿಡಿಯುವವರಿಲ್ಲ. ರೈಲಿಗೆ ಹೆಗಲು ಕೊಟ್ಟಾಗ ಮರಳಿನ ಮೇಲಿದ್ದವರೆಲ್ಲ ತಾವೇ ಹೊತ್ತ ಹಾಗೆ ಹೆಗಲು ಕುಗ್ಗಿಸಿದರು. ಮಂಜಯ್ಯ ಕೂಡ ಬೀಡಿ ಹಚ್ಚುವುದನ್ನು ಮರೆತ. ಗಾಳಿಗೌಡ ಬಿದ್ದಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಾರೂ ಹೆದರಬೇಡಿ, ಅವನಿಗೆ ಏನೂ ಆಗುವುದಿಲ್ಲ ಎಂದು ಧರ್ಮಪ್ಪ ಮೈಕಿನಲ್ಲೇ ಧೈರ್ಯ ಹೇಳಿದ.

ಆಮೇಲಿನದು ಅವನಿಗೂ ಹೊಸದು. ಗಾಳಿಗೌಡ ಬಿದ್ದದ್ದು ಒಂದು ಕಣಿವೆಯಲ್ಲಿ. ಅಲ್ಲೊಂದು ಹೊಳೆ, ಹೊಳೆಯ ದಂಡೆಗೆ ಹಳ್ಳಿ, ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಒಬ್ಬಳು ಮುದುಕಿ ಅವನನ್ನು ಮನೆಗೆ ಎಳೆದು ತಂದು ಗಂಜಿ ಕುಡಿಸಿದಳು. ಊರಿನವರು ಔಷಧಿ ಅರೆದರು. ನಮ್ಮ ಹೊಳೆಕೊಪ್ಪದ ಹಾಗೇ ಇದೆ ನೋಡಿ ಎಂದು ಧರ್ಮಪ್ಪ ಹೇಳಿದ್ದಕ್ಕೆ ಮರಳಿನ ಮೇಲೆ ಒಂದು ನಗು ಹರಿದಾಡಿತು. ಗಾಳಿಗೌಡ ಗುಣವಾಗಿ ಎದ್ದು ಗುಡ್ಡದ ತುದಿಗೆ ಹೋಗಿ ನಿಂತ. ದೂರದಲ್ಲಿ ಪಟ್ಟಣ ಉರಿಯುತ್ತಿತ್ತು. ಅವನ ದೊಡ್ಡ ಕಣ್ಣಿನಲ್ಲಿ ಬೆಂಕಿ ಕಾಣಿಸಿತು, ಆಮೇಲೆ ಹೊಳೆ ಕಾಣಿಸಿತು. ಬಗ್ಗಿ, ಗುಡ್ಡದ ಬುಡಕ್ಕೆ ಕೈ ಹಾಕಿ, ಬೇರು ಸಮೇತ ಎತ್ತಿದ.

"ನೋಡಿ, ನೋಡಿ. ಈಗ ಅದರ ತಲೆ ಮೇಲೆ ಹಾಕ್ತಾನೆ."

ಹಾಕಲಿಲ್ಲ. ಹೊಳೆ ಕಣಿವೆಯಿಂದ ಹೊರಗೆ ಹೋಗುವ ಸಂದಿಯಲ್ಲಿ, ಬಾಗಿಲಿಗೆ ಅಗಳಿ ಹಾಕುವ ಹಾಗೆ, ಆ ಗುಡ್ಡವನ್ನು ಮೆಲ್ಲಗೆ ಇಳಿಸಿದ.

ಹೊಳೆ ನಿಂತಿತು. ಪರದೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಗದ್ದೆ ಕಾಣುತ್ತಿತ್ತು. ನೀರು ಅಬ್ಬರಿಸಿ ಬರಲಿಲ್ಲ. ಬದುವಿನ ಏಡಿಯ ತೂತಿನಿಂದ ಒಂದು ಗುಳ್ಳೆ ಎದ್ದಿತು. ಆಮೇಲೆ ನೇಗಿಲ ಸಾಲುಗಳು ಒಂದೊಂದಾಗಿ ಹೊಳೆದವು. ಆಮೇಲೆ ಹಳ್ಳವು ಬಂದ ದಾರಿಯಲ್ಲೇ ಹಿಂದಕ್ಕೆ ಹತ್ತತೊಡಗಿತು. ಮರಳಿನ ಮೇಲೆ ಯಾರೋ ಹೆಂಗಸು ಮೆಲ್ಲಗೆ ಅಂದಳು.

"ಹಿನ್ನೀರು."

ಪ್ರವಾಹ ಎಲ್ಲರೂ ಕಂಡದ್ದೇ. ಆದರೆ ಈ ನೀರು, ಸದ್ದಿಲ್ಲದೆ, ಕೆಳಗಿನಿಂದ, ಕಳ್ಳನ ಹಾಗೆ ಬರುವ ಈ ನೀರು ಕಂಡವರು ಈ ಟೆಂಟಿನಲ್ಲಿ ಮರಳಿನ ಮೇಲೆ ಕೂತವರು ಮಾತ್ರ. ಪರದೆಯ ಜನ ಗಂಟು ಕಟ್ಟಿದರು. ಮುದುಕಿ ಹೊರಡುವ ಮೊದಲು ಪೊರಕೆ ಹಿಡಿದು ಮನೆ ಗುಡಿಸಿದಳು, ಕಸವನ್ನು ಮೊರಕ್ಕೆ ತುಂಬಿ ಆಚೆ ಹಾಕಿ ಬಂದಳು. ಹೊಸಕೇರಿಯ ಹೆಂಗಸರಿಂದ ಒಂದು ಸದ್ದು ಬಂತು, ಅಳುವೂ ಅಲ್ಲ, ಉಸಿರೂ ಅಲ್ಲ. ಮುಳುಗುವ ಮನೆ ಗುಡಿಸಿ, ಸಾರಿಸಿ, ರಂಗೋಲಿ ಇಟ್ಟು ಬಂದವರು ಅವರು. ಆವತ್ತು ಲಾರಿಯವನು ನಕ್ಕಿದ್ದ.

ಮೈಕು ಮೂಕವಾಯಿತು. ಮುಂದಕ್ಕೆ ಹೇಳೋ ಎಂದು ಕುರ್ಚಿಯವರು ಕೂಗಿದರು. ಧರ್ಮಪ್ಪ ತಾಯಿಯ ಕಡೆ ನೋಡಿದ. ಪರದೆಯ ಬೆಳಕು ಅವಳ ಮುಖದ ಮೇಲೆ ನೀಲಿಯಾಗಿ ಬಿದ್ದಿತ್ತು. ಆಕೆ ಪರದೆ ನೋಡುತ್ತಿರಲಿಲ್ಲ, ಮಗನನ್ನು ನೋಡುತ್ತಿದ್ದಳು.

"ಧರ್ಮಾ, ಗುಡ್ಡ ಯಾವಾಗ ತೆಗಿತಾನೆ?"

"ಈಗ ತೆಗಿತಾನೆ ಅವ್ವ. ಬೆಂಕಿ ಆರ್ಲಿ."

ಗೊತ್ತಿಲ್ಲದೆ ಹೇಳಿದ. ಮೈಕಿನಲ್ಲಿ ಹೇಳಿದ. ಹೊಸಕೇರಿಯ ಅಷ್ಟೂ ಜನ ಅದನ್ನು ಹಿಡಿದುಕೊಂಡು ಕೂತರು. ಗಾಳಿಗೌಡ ಪ್ರಾಣಿಯನ್ನು ಕಣಿವೆಗೆ ಎಳೆದು ತಂದು ನೀರಿಗೆ ಕೆಡವಿದ. ಹೊಗೆ ಎದ್ದಿತು, ಪ್ರಾಣಿ ಸತ್ತಿತು. ಕುರ್ಚಿಗಳು ಚಪ್ಪಾಳೆ ತಟ್ಟಿದವು, ಶಿಳ್ಳೆ ಹೊಡೆದವು. ಮರಳು ಕಾಯುತ್ತಿತ್ತು. ಪಟ್ಟಣದಲ್ಲಿ ಹೂವಿನ ಮಳೆ ಬಿತ್ತು. ಹೊಸ ಶಾಲು ಹೊದಿಸಿದರು. ಈಗ ಹೋಗುತ್ತಾನೆ ನೋಡಿ, ಈಗ ಗುಡ್ಡ ಎತ್ತುತ್ತಾನೆ ಎಂದು ಧರ್ಮಪ್ಪ ಹೇಳುತ್ತಲೇ ಇದ್ದ. ಗಾಳಿಗೌಡ ಹಾರಿದ. ಕಣಿವೆಯ ಮೇಲೆ ಬಂದ. ಕೆಳಗೆ ಅಗಲವಾದ ನೀರು, ನೀರಿನಿಂದ ಮೇಲೆ ಇಣುಕುವ ಒಂದು ಗುಡಿಯ ತುದಿ. ಅವನು ಕತ್ತು ತಿರುಗಿಸಲಿಲ್ಲ. ಸೂರ್ಯನ ಕಡೆ ಹೋಗಿ ಚುಕ್ಕೆಯಾದ. ಅಕ್ಷರಗಳು ಬಂದವು. ದೀಪ ಹತ್ತಿತು.

ಪೇಟೆಯವರು ಎದ್ದು ಹೋದರು. ಹೊಸಕೇರಿಯವರು ಅಲ್ಲಾಡಲಿಲ್ಲ. ಇನ್ನೂ ಇದೆಯಾ ಎಂದು ಯಾರೋ ಕೇಳಿದರು. ಕಡೆಯ ರೀಲು ನುಂಗಿದ್ದಾರೆ ಎಂದ ಮಂಜಯ್ಯ. ಎರಡನೇ ಆಟಕ್ಕೆ ಹೊತ್ತಾಗುತ್ತದೆಂದು ಟೆಂಟಿನವರು ರೀಲು ಹಾರಿಸುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆ ಮಾತು ಕಿವಿಗೆ ಬಿದ್ದದ್ದೇ ಧರ್ಮಪ್ಪನಿಗೆ ಜೀವ ಬಂತು. ಓಡಿಹೋಗಿ ಪದ್ಮಣ್ಣನ ಅಂಗಿಯ ಕೊರಳಪಟ್ಟಿ ಹಿಡಿದ.

"ಗುಡ್ಡ ತೆಗಿಯೋ ರೀಲ್ ಎಲ್ಲಿಟ್ಟಿದ್ದೀರಿ?"

ಪದ್ಮಣ್ಣ ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಅವನನ್ನು ಮೆಷಿನ್ನಿನ ಕೋಣೆಗೆ ಕರೆದುಕೊಂಡು ಹೋದ. ತಗಡಿನ ಪೆಟ್ಟಿಗೆ ಬೋರಲು ಮಾಡಿ ತೋರಿಸಿದ. ಓಡಿಸಿದ ರೀಲುಗಳೆಲ್ಲ ಬೆಂಚಿನ ಮೇಲೆ ಸಾಲಾಗಿದ್ದವು, ಇನ್ನೂ ಬಿಸಿಯಾಗಿದ್ದವು.

"ಜಿನೇಶ್ವರನಾಣೆ ಧರ್ಮಪ್ಪೋರೆ, ಒಂದಡಿ ಕತ್ತರಿಸಿಲ್ಲ. ಅಷ್ಟೇ ಇರೋದು." ಪೆಟ್ಟಿಗೆಯನ್ನು ಮತ್ತೆ ನೆಟ್ಟಗಿಡುತ್ತ ಕೇಳಿದ: "ನೀವು ಕತೆಯೆಲ್ಲ ಬಾಯಿಪಾಠ ಅಂದಿದ್ರಲ್ಲ?"

ಧರ್ಮಪ್ಪ ಕೊರಳಪಟ್ಟಿ ಬಿಟ್ಟ. ಪರದೆಯ ಕಡೆ ವಾಪಸು ನಡೆದ. ಹರಿದು ಚಿಂದಿ ಮಾಡಬೇಕು ಅನ್ನಿಸಿತು. ಬಿಳಿ ಬಟ್ಟೆ, ಅದರಲ್ಲಿ ಏನೂ ಇರಲಿಲ್ಲ, ಹೊಡೆಯಲು ಒಂದು ಮುಖವೂ ಇರಲಿಲ್ಲ. ಎದುರಿಗೆ ಊರಿಗೆ ಊರೇ ಕತ್ತೆತ್ತಿ ಕೂತಿತ್ತು. ಹಿಂದೊಮ್ಮೆ ಹೊಳೆಕೊಪ್ಪದ ಅಂಗಳದಲ್ಲಿ, ಸರ್ಕಾರದ ಜೀಪಿನಿಂದ ಇಳಿದವರು ನೀರು ಇಷ್ಟೇ ಎತ್ತರ ಬರುವುದು, ನಿಮ್ಮ ಮನೆಗೆ ಬರುವುದಿಲ್ಲ ಎಂದಾಗಲೂ ಅವರೆಲ್ಲ ಹೀಗೇ ಕತ್ತೆತ್ತಿ ಕೂತಿದ್ದರು. ಅದು ಈಗ ಅವನಿಗೆ ಕಂಡಿತು. ಜೀಪಿನವರ ಜಾಗದಲ್ಲಿ ತಾನು ನಿಂತಿದ್ದ. ಮೈಕು ಕೈಗೆ ತೆಗೆದುಕೊಂಡ.

"ತೆಗಿಯಲ್ಲ ಅವ್ವ. ಗುಡ್ಡ ತೆಗಿಯಲ್ಲ. ನಾನು ಸುಳ್ಳು ಹೇಳ್ದೆ. ನಾ ನೋಡಿದ್ದು ಅರ್ಧವೇ."

ಯಾರೂ ಬೈಯಲಿಲ್ಲ. ಮಂಜಯ್ಯ ಕೂಡ. ಬೈದಿದ್ದರೆ ಧರ್ಮಪ್ಪನಿಗೆ ಸುಲಭವಾಗುತ್ತಿತ್ತು. ಜಲಜಮ್ಮ ಮೊಳಕಾಲು ಹಿಡಿದುಕೊಂಡು ಎದ್ದಳು. ಸೀರೆಗೆ ಅಂಟಿದ ಮರಳು ಕೊಡವಿದಳು.

"ಗಂಜಿ ಕುಡಿದು ಹೋಗಿ ಹಂಗೆ ಮಾಡಿದ್ನಲ್ಲ," ಎಂದಳು. "ಹಾರಿದ್ರೆ ಎಂತ ಆಯ್ತು. ಅವನೂ ಸರ್ಕಾರದೋನೇ."

ಗಾಡಿಗಳು ಹೊಸಕೇರಿಯ ದಾರಿ ಹಿಡಿದವು. ಧರ್ಮಪ್ಪ ಗಾಡಿ ಹತ್ತದೆ ತಾಯಿ ಕೂತಿದ್ದ ಗಾಡಿಯ ಪಕ್ಕದಲ್ಲಿ ನಡೆದ. ಗಾಳಿಗೌಡನ ಮೇಲೆ ಬಂದ ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಆ ಗದ್ದೆ ಬರುತ್ತಿತ್ತು, ಏಡಿಯ ತೂತಿನ ಆ ಗುಳ್ಳೆ ಬರುತ್ತಿತ್ತು. ಅಷ್ಟು ಹೊತ್ತೂ ಗಾಳಿಗೌಡನನ್ನೇ ನೋಡುತ್ತಿದ್ದವನಿಗೆ ಆ ನೀರಿನ ಚಿತ್ರವನ್ನು ಒಬ್ಬ ಮನುಷ್ಯ ಕೂತು ಬಿಡಿಸಿದ್ದಾನೆ ಎನ್ನುವುದು ಹೊಳೆದೇ ಇರಲಿಲ್ಲ. ಈಗ ಹೊಳೆದು, ನಡೆಯುತ್ತಿದ್ದವನು ದಾರಿಯಲ್ಲಿ ನಿಂತುಬಿಟ್ಟ. ಗಾಡಿ ಮುಂದೆ ಹೋಯಿತು. ಓಡಿ ಹೋಗಿ ಅದರ ಕಟಕಟೆ ಹಿಡಿದ.

"ಅವ್ವ, ಆ ನೀರು ಕಣ್ಣಾರೆ ನೋಡದೆ ಯಾರಿಗೂ ಬಿಡಿಸೋಕಾಗಲ್ಲ. ಮೊದಲು ಏಡಿ ತೂತಲ್ಲಿ ಗುಳ್ಳೆ ಬರುತ್ತೆ ಅಂತ ಯಾರಿಗ್ ಗೊತ್ತಿರುತ್ತೆ? ಚಿತ್ರ ಬರೆದೋನ ಊರೂ ಮುಳುಗಿರಬೇಕು."

ಜಲಜಮ್ಮ ಗಾಡಿಯಿಂದ ಮುಖ ಹೊರಗೆ ಹಾಕಿ ಕೇಳಿದಳು.

"ಅವನಿಗೆ ಎಲ್ಲಿ ಜಾಗ ಕೊಟ್ರಂತೆ?"

ಧರ್ಮಪ್ಪ ಬಾಯಿ ತೆರೆದ. ಅವನ ಬಾಯಲ್ಲಿ ಯಾವಾಗಲೂ ಒಂದು ಉತ್ತರ ತಯಾರಿರುತ್ತಿತ್ತು.

"ಗೊತ್ತಿಲ್ಲ ಅವ್ವ," ಎಂದ.